ಹೆವಿ ಮೆಟಲ್ ಸಂಗೀತದ ಮಾರ್ಗಭೇದ: ರುಚಿ, ನಿರ್ಣಯ ಮತ್ತು ತಿರಸ್ಕಾರ

ಹೆವಿ ಮೆಟಲ್ ಸಂಗೀತದ ಹೊರಗೆ ನಿಂತವರಿಗೆ ಅದರ ಎಲ್ಲ ಶಾಖೆಗಳೂ ಒಂದೇ ಗದ್ದಲವಾಗಿ ಕೇಳಿಸುತ್ತವೆ. ಒಳಗಿರುವವರಿಗೆ ಒಂದು ಶಾಖೆಗೂ ಇನ್ನೊಂದಕ್ಕೂ ನಡುವಿನ ಅಂತರ ಹಗೆತನಕ್ಕೆ ಸಾಕಾಗುವಷ್ಟು ದೊಡ್ಡದು. ಥ್ರ್ಯಾಶ್ ಮೆಟಲ್ಲಿನ ಅಭಿಮಾನಿ ಗ್ಲ್ಯಾಮ್ ಮೆಟಲ್ಲನ್ನು ಬಣ್ಣ ಬಳಿದ ಪಾಪ್ ಸಂಗೀತವೆನ್ನುತ್ತಾನೆ. ಬ್ಲ್ಯಾಕ್ ಮೆಟಲ್ಲಿನ ನಿಷ್ಠಾವಂತನಿಗೆ ಪವರ್ ಮೆಟಲ್ ಮಕ್ಕಳ ಕಥೆಯಂತೆ ತೋರುತ್ತದೆ. ನು ಮೆಟಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಇವರೆಲ್ಲರೂ ಒಂದಾಗಿ ಅದನ್ನು ಹೊರಗಟ್ಟುತ್ತಾರೆ. ಇದನ್ನು ಎಳೆಯರ ಹಟವೆಂದು ಬದಿಗೊತ್ತುವುದು ಸುಲಭ. ಆದರೆ ಒಂದು ಪ್ರಕಾರ ಹೇಗೆ ಹುಟ್ಟುತ್ತದೆ, ಅದರ ಎಲ್ಲೆಯನ್ನು ಯಾರು ಗುರುತಿಸುತ್ತಾರೆ, ಗುಣವೆಂಬುದು ಯಾವಾಗ ದೋಷವಾಗುತ್ತದೆ ಎಂಬ ಪ್ರಶ್ನೆಗಳು ಕಾವ್ಯಮೀಮಾಂಸೆಯಲ್ಲಿಯೂ ಮೂಲಭೂತವಾದವು. ಕಳೆದ ಐದು ದಶಕಗಳಲ್ಲಿ ಈ ಪ್ರಶ್ನೆಗಳು ಇಷ್ಟು ಬಿಸಿಯಾಗಿ, ಇಷ್ಟು ಬಹಿರಂಗವಾಗಿ ಚರ್ಚೆಗೊಂಡ ಕ್ಷೇತ್ರಗಳು ವಿರಳ. ಆದುದರಿಂದ ಸಾಹಿತ್ಯದ ವಿದ್ಯಾರ್ಥಿ ಈ ಕಲಹವನ್ನು ಗಂಭೀರವಾಗಿ ನೋಡುವುದು ಉಚಿತ.

ಹೊರಗಿನವರ ದೃಷ್ಟಿ ಎಷ್ಟು ಮಂದವಾಗಿರಬಲ್ಲುದು ಎಂಬುದಕ್ಕೆ 1985ರ ಅಮೆರಿಕದ ಪ್ರಸಂಗವೊಂದು ಸಾಕ್ಷಿ. ಮಕ್ಕಳು ಕೇಳುವ ಹಾಡುಗಳ ಬಗೆಗೆ ಆತಂಕಗೊಂಡ ವಾಷಿಂಗ್‌ಟನ್ನಿನ ಕೆಲವು ಪ್ರತಿಷ್ಠಿತ ಮಹಿಳೆಯರು ಸಂಘವೊಂದನ್ನು ಕಟ್ಟಿ, ಆಕ್ಷೇಪಾರ್ಹವೆನಿಸಿದ ಹದಿನೈದು ಹಾಡುಗಳ ಪಟ್ಟಿಯನ್ನು ಪ್ರಕಟಿಸಿದರು. ಅದರಲ್ಲಿ ಇಂಪಾದ ಸಮೂಹಗಾಯನಕ್ಕೆ ಹೆಸರಾದ ಡೆಫ್ ಲೆಪರ್ಡ್ ತಂಡವಿದೆ. ಸೈತಾನನ ಹೆಸರನ್ನೇ ಮುಂದಿಟ್ಟುಕೊಂಡ ವೆನಮ್ ತಂಡವೂ ಇದೆ. ಬ್ಲ್ಯಾಕ್ ಸಬ್ಬತ್, ಜೂಡಸ್ ಪ್ರೀಸ್ಟ್, ಮರ್ಸಿಫುಲ್ ಫೇಟ್, ಟ್ವಿಸ್ಟೆಡ್ ಸಿಸ್ಟರ್ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿವೆ. ಒಳಗಿನ ಕೇಳುಗರು ಒಂದೇ ಕಪಾಟಿನಲ್ಲಿ ಇಡಲೂ ಒಪ್ಪದ ತಂಡಗಳನ್ನು ಆರೋಪಿಸುವವರು ಒಂದೇ ಕಟಕಟೆಯಲ್ಲಿ ನಿಲ್ಲಿಸಿದರು. ಅದೇ ವರ್ಷದ ಸೆಪ್ಟೆಂಬರ್ 19ರಂದು ಸೆನೆಟ್ ಸಮಿತಿಯ ಎದುರು ಮೆಟಲ್ ಸಂಗೀತದ ಪರವಾಗಿ ಸಾಕ್ಷ್ಯ ನುಡಿದವನು ಟ್ವಿಸ್ಟೆಡ್ ಸಿಸ್ಟರ್ ತಂಡದ ಗಾಯಕ ಡೀ ಸ್ನೈಡರ್. ಮುಖಕ್ಕೆ ಬಣ್ಣ ಬಳಿದು, ಕೂದಲು ಕೆದರಿಸಿ ವೇದಿಕೆಗೇರುತ್ತಿದ್ದ ಆತನ ತಂಡವನ್ನು ಕಟ್ಟಾ ಕೇಳುಗರು ಗ್ಲ್ಯಾಮ್ ಎಂದು ಹಗುರವಾಗಿ ಕಾಣುತ್ತಿದ್ದರು. ಹಗುರವೆಂದು ಎಣಿಸಲಾದ ಶಾಖೆಯ ಗಾಯಕನೇ ಇಡೀ ಕುಲದ ವಕೀಲನಾದುದು ಈ ಇತಿಹಾಸದ ಮೊದಲ ವ್ಯಂಗ್ಯ.

ಎರಡನೆಯ ವ್ಯಂಗ್ಯವನ್ನು ಸಮಾಜಶಾಸ್ತ್ರ ತೋರಿಸಿಕೊಟ್ಟಿದೆ. ಬೆಥನಿ ಬ್ರೈಸನ್ 1996ರಲ್ಲಿ ‘ಅಮೆರಿಕನ್ ಸೋಷಿಯಲಾಜಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು, ಜನರು ಏನನ್ನು ಮೆಚ್ಚುತ್ತಾರೆ ಎಂಬುದಕ್ಕಿಂತ ಏನನ್ನು ತಳ್ಳಿಹಾಕುತ್ತಾರೆ ಎಂಬುದನ್ನು ಅಧ್ಯಯನದ ವಿಷಯವಾಗಿಸಿತು. ಶಿಕ್ಷಣ ಹೆಚ್ಚಿದಂತೆ ಸಂಗೀತದ ಬಗೆಗಿನ ಸಹನೆಯೂ ಹೆಚ್ಚುತ್ತದೆಂಬುದು ಅಲ್ಲಿ ಕಂಡುಬಂದ ಸಂಗತಿ. ಆದರೆ ಹಾಗೆ ಎಲ್ಲವನ್ನೂ ಮೆಚ್ಚುವವರೂ ಕೆಲವನ್ನು ಮಾತ್ರ ಹೊರಗಿಡುತ್ತಾರೆ. ಹೊರಗುಳಿಯುವ ಹೆವಿ ಮೆಟಲ್, ರ‍್ಯಾಪ್, ಕಂಟ್ರಿ, ಗಾಸ್ಪೆಲ್‌ಗಳು ಕಡಿಮೆ ಓದಿದವರು ಹೆಚ್ಚಾಗಿ ಕೇಳುವ ಸಂಗೀತಗಳು. ಅಂದರೆ ಉದಾರ ಅಭಿರುಚಿಗೂ ಒಂದು ಬೇಲಿಯಿದೆ, ಆ ಬೇಲಿಯ ಆಚೆ ಹೆವಿ ಮೆಟಲ್ ಇದೆ. ಹೀಗೆ ಹೊರಗಿಡಲ್ಪಟ್ಟ ಸಮುದಾಯವು ತನ್ನೊಳಗೆ ಅದೇ ಬಗೆಯ ಬೇಲಿಗಳನ್ನು ಕಟ್ಟಿಕೊಂಡದ್ದು ಏಕೆ ಎಂಬುದು ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ‘ಇಷ್ಟವಿಲ್ಲ’ ಎಂಬ ಒಂದೇ ಮಾತಿನೊಳಗೆ ಅಡಗಿರುವ ಮೂರು ಬೇರೆ ಬೇರೆ ಕ್ರಿಯೆಗಳನ್ನು ಬಿಡಿಸಿಕೊಳ್ಳಬೇಕು. ಮೊದಲನೆಯದು ರುಚಿ. ನಿಧಾನಗತಿಯ ಡೂಮ್ ಮೆಟಲ್ ಒಬ್ಬನಿಗೆ ಹಿತ, ಇನ್ನೊಬ್ಬನಿಗೆ ಬೇಸರ. ಇದಕ್ಕೆ ಕಾರಣ ಕೊಡಬೇಕಾದ ಹೊಣೆ ಯಾರಿಗೂ ಇಲ್ಲ. ಎರಡನೆಯದು ನಿರ್ಣಯ. ಈ ಕೃತಿ ತಾನು ಮಾಡಹೊರಟದ್ದನ್ನು ಮಾಡಿದೆಯೆ, ಇಲ್ಲವೆ ಎಂದು ಹೇಳುವ ಮಾತು ಅದು. ಅದಕ್ಕೆ ಕಾರಣ ಬೇಕು, ಕಾರಣ ನಾದದೊಳಗೇ ಸಿಗಬೇಕು. ಮೂರನೆಯದು ತಿರಸ್ಕಾರ. ಅದು ಕೃತಿಯನ್ನು ಕುರಿತದ್ದಲ್ಲ, ಕೃತಿಯನ್ನು ಕೇಳುವ ಜನರನ್ನು ಕುರಿತದ್ದು. ಈ ಮೂರಕ್ಕೂ ಅವುಗಳದೇ ಹೆಸರಿದ್ದಿದ್ದರೆ ತೊಂದರೆಯಿರಲಿಲ್ಲ. ತಿರಸ್ಕಾರವು ಸದಾ ನಿರ್ಣಯದ ವೇಷ ತೊಟ್ಟು ಬರುತ್ತದೆಂಬುದೇ ತೊಂದರೆ. ಹೆವಿ ಮೆಟಲ್ಲಿನ ಉಪಪ್ರಕಾರಗಳ ಇತಿಹಾಸವನ್ನು ಈ ದೃಷ್ಟಿಯಿಂದ ಓದಿದರೆ, ಭೇದಗಳನ್ನು ಗುರುತಿಸಿದ್ದು ಆ ಸಮುದಾಯದ ಶ್ರೇಷ್ಠ ಸಾಧನೆಯೆಂದೂ ಭೇದಗಳನ್ನು ಶುದ್ಧಿಯ ಪರೀಕ್ಷೆಯಾಗಿಸಿದ್ದು ಅದರ ದೊಡ್ಡ ಸೋಲೆಂದೂ ತೋರುತ್ತದೆ.

ಭೇದಗಳು ಕಲ್ಪಿತವಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ 1970ರ ಫೆಬ್ರುವರಿ 13ರಂದು ಹೊರಬಂದಿತು. ಬರ್ಮಿಂಗ್‌ಹ್ಯಾಮ್ ನಗರದ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡಿದ್ದ ಟೋನಿ ಅಯೋಮಿ, ಪ್ಲಾಸ್ಟಿಕ್ಕಿನ ತುದಿಗಳನ್ನು ಮಾಡಿ ಬೆರಳಿಗೆ ತೊಡಿಸಿಕೊಂಡು ಗಿಟಾರ್ ನುಡಿಸಿದನು; ಮುಂದೆ ತಂತಿಗಳ ಬಿಗಿ ತಗ್ಗಿಸಿ ಶ್ರುತಿಯನ್ನು ಕೆಳಕ್ಕಿಳಿಸಿದನು. ಆ ಭಾರವಾದ, ಕೆಳಗಿನ ನಾದದಿಂದಲೇ ಎಲ್ಲ ಕವಲುಗಳೂ ಹೊರಟವು. ಆದರೆ ಹೊರಟ ಕವಲುಗಳು ಒಂದರಿಂದೊಂದು ಎಷ್ಟು ದೂರ ಸಾಗಿದವೆಂದರೆ, ಬರ್ಮಿಂಗ್‌ಹ್ಯಾಮ್ ಪರಿಸರದಲ್ಲಿಯೇ ಬೆಳೆದ ನೇಪಾಮ್ ಡೆತ್ ತಂಡದ 1987ರ ಆಲ್ಬಮ್ಮಿನಲ್ಲಿ ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು ಕಾಲದ ಹಾಡೊಂದಿದೆ; ಅದೇ ಸಬ್ಬತ್ತನ್ನು ಗುರುವೆಂದು ನಂಬಿದ ಕ್ಯಾಲಿಫೋರ್ನಿಯದ ಸ್ಲೀಪ್ ತಂಡದ ‘ಡೋಪ್‌ಸ್ಮೋಕರ್’ ಎಂಬ ಒಂದೇ ಹಾಡು ಒಂದು ಗಂಟೆಗೂ ಮೀರಿ ಸಾಗುತ್ತದೆ. ಮೊದಲನೆಯದನ್ನು ಕೇಳುವ ಕಿವಿಯಿಂದ ಎರಡನೆಯದನ್ನು ಕೇಳಲಾಗದು. ಒಂದು ಆಘಾತವನ್ನು ಬಯಸುತ್ತದೆ, ಇನ್ನೊಂದು ತಾಳ್ಮೆಯನ್ನು. ಚುಟುಕಕ್ಕೆ ಮಹಾಕಾವ್ಯದ ಅಷ್ಟಾದಶ ವರ್ಣನೆಗಳಿಲ್ಲವೆಂದು ದೂರುವ ವಿಮರ್ಶಕನಿಗೆ ಏನು ಬೆಲೆಯೋ, ಇಲ್ಲಿ ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವವನಿಗೂ ಅದೇ ಬೆಲೆ.

ಒಂದು ಮಾರ್ಗದಲ್ಲಿ ದೋಷವೆನಿಸಿದ್ದು ಇನ್ನೊಂದರಲ್ಲಿ ಗುಣವಾಗುವ ಬಗೆಗೆ ನಾರ್ವೆಯ ಡಾರ್ಕ್‌ಥ್ರೋನ್ ತಂಡ ಅತ್ಯುತ್ತಮ ನಿದರ್ಶನ. ಇದರ ಮೊದಲ ಆಲ್ಬಂ ‘ಸೋಲ್‌ಸೈಡ್ ಜರ್ನಿ’ ಡೆತ್ ಮೆಟಲ್ ಪ್ರಕಾರದ್ದು. ಎಂಟೂಂಬ್ಡ್ ಮೊದಲಾದ ಸ್ವೀಡನ್ನಿನ ತಂಡಗಳು ಬಳಸುತ್ತಿದ್ದ ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋದಲ್ಲಿ ಅದರ ಮುದ್ರಣ ನಡೆದಿತ್ತು. ಡೆತ್ ಮೆಟಲ್ಲಿನಲ್ಲಿ ಗಿಟಾರಿನ ಭಾರ, ತಾಳದ ಖಚಿತತೆ, ವಾದನದ ನೈಪುಣ್ಯ, ಗಂಟಲಾಳದಿಂದ ಬರುವ ಗರ್ಜನೆ ಇವೆಲ್ಲ ಗುಣಗಳು. ಆದರೆ 1992ರಲ್ಲಿ ಅದೇ ತಂಡ ಹೊರತಂದ ‘ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’ ಇವೆಲ್ಲವನ್ನೂ ಉದ್ದೇಶಪೂರ್ವಕವಾಗಿ ಬಿಟ್ಟುಕೊಟ್ಟಿತು. ಧ್ವನಿ ತೆಳುವಾಯಿತು, ಒರಟಾಯಿತು. ಗರ್ಜನೆ ಹೋಗಿ ಕರ್ಕಶವಾದ ಕಿರುಚು ಬಂದಿತು. ಒಂದೇ ಸ್ವರಸಾಲು ಮರಳಿ ಮರಳಿ ಬಂದು ಮಂಪರು ಹುಟ್ಟಿಸಿತು. 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಹೊತ್ತಿಗೆ ಮನೆಯಲ್ಲಿಟ್ಟ ನಾಲ್ಕು ಟ್ರ್ಯಾಕಿನ ಸಣ್ಣ ಯಂತ್ರವೇ ಮುದ್ರಣಕ್ಕೆ ಸಾಕಾಗಿತ್ತು. ಡೆತ್ ಮೆಟಲ್ಲಿನ ಲಕ್ಷಣಗ್ರಂಥವನ್ನು ಹಿಡಿದು ಓದಿದರೆ ಇದು ದೋಷಗಳ ಮೊತ್ತ. ಬ್ಲ್ಯಾಕ್ ಮೆಟಲ್ಲಿನ ನೆಲೆಯಲ್ಲಿ ನಿಂತು ಕೇಳಿದರೆ ಅದೇ ತೆಳುವು ಚಳಿಯಾಗುತ್ತದೆ, ಅದೇ ಒರಟುತನ ದೂರವಾಗುತ್ತದೆ. ನುಡಿಸಲು ಬಾರದೆ ಹೀಗಾಯಿತೆಂದು ಹೇಳುವಂತಿಲ್ಲ. ಹಿಂದಿನ ಆಲ್ಬಮ್ಮೇ ಅವರ ನೈಪುಣ್ಯಕ್ಕೆ ಪ್ರಮಾಣ.

ಭಾರತೀಯ ಕಾವ್ಯಮೀಮಾಂಸೆಗೆ ಈ ಸಮಸ್ಯೆ ಹೊಸದಲ್ಲ. ವೈದರ್ಭ, ಗೌಡ ಎಂಬ ಎರಡು ಮಾರ್ಗಗಳ ಭೇದವನ್ನು ಭಾಮಹ ಒಪ್ಪಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕಣ್ಣುಮುಚ್ಚಿ ಹಿಂಬಾಲಿಸುವ ಗತಾನುಗತಿಕ ಪದ್ಧತಿಯೆಂದು ಅದನ್ನು ತಳ್ಳಿಹಾಕಿದನು. ದಂಡಿ ಆ ಭೇದವನ್ನು ಒಪ್ಪಿ, ಹತ್ತು ಗುಣಗಳನ್ನು ಹೇಳಿ, ಅವು ವೈದರ್ಭದ ಪ್ರಾಣವೆಂದೂ ಗೌಡದಲ್ಲಿ ಬಹುಮಟ್ಟಿಗೆ ಅವುಗಳ ವಿಪರ್ಯಯ ಕಾಣುತ್ತದೆಂದೂ ಪ್ರತಿಪಾದಿಸಿದನು. ಸಮಾಸಗಳ ದಟ್ಟಣೆ, ಅನುಪ್ರಾಸದ ಅಬ್ಬರಗಳು ಗೌಡರಿಗೆ ಪ್ರಿಯವಾದುದನ್ನು ಆತ ಗುರುತಿಸಿದ್ದಾನೆ. ಕವಿರಾಜಮಾರ್ಗವು ದಕ್ಷಿಣ ಮತ್ತು ಉತ್ತರ ಮಾರ್ಗಗಳ ಚರ್ಚೆಯನ್ನು ಕನ್ನಡಕ್ಕೆ ತಂದಿತು. ಆದರೆ ಈ ಚರ್ಚೆಯನ್ನು ಸರಿಯಾದ ದಾರಿಗೆ ತಿರುಗಿಸಿದವನು ಕುಂತಕ. ಮಾರ್ಗಗಳಿಗೆ ದೇಶದ ಹೆಸರಿಡುವುದೂ ಅವುಗಳನ್ನು ಉತ್ತಮ, ಮಧ್ಯಮ, ಅಧಮವೆಂದು ಏಣಿಗೆ ಏರಿಸುವುದೂ ಆತನಿಗೆ ಒಪ್ಪಿಗೆಯಿರಲಿಲ್ಲ. ಕವಿಸ್ವಭಾವದ ಆಧಾರದ ಮೇಲೆ ಸುಕುಮಾರ, ವಿಚಿತ್ರ, ಮಧ್ಯಮ ಎಂಬ ಮೂರು ಮಾರ್ಗಗಳನ್ನು ಹೇಳಿ, ಪ್ರತಿಯೊಂದಕ್ಕೂ ಅದರದೇ ಸೌಂದರ್ಯವನ್ನು ಒಪ್ಪಿಸಿದನು. ಇಲ್ಲಿಯ ‘ಮಧ್ಯಮ’ ನಡುವಣ ದರ್ಜೆಯಲ್ಲ, ಎರಡರ ಬೆರಕೆ ಎಂಬುದನ್ನು ಮರೆಯಬಾರದು. ಭೇದವಿದೆ, ಆದರೆ ತಾರತಮ್ಯವಿಲ್ಲ. ಮಾರ್ಗದೊಳಗೆ ಗುಣದೋಷಗಳ ನಿರ್ಣಯವಿದೆ, ಆದರೆ ಮಾರ್ಗಕ್ಕೇ ಶಿಕ್ಷೆಯಿಲ್ಲ. ಹೆವಿ ಮೆಟಲ್ಲಿನ ಜಗಳಗಳಲ್ಲಿ ಭಾಮಹನ ಮನೋಭಾವದವರು ಹೊರಗಿನ ಟೀಕಾಕಾರರು, ಏಣಿ ಕಟ್ಟುವವರು ಒಳಗಿನ ನಿಷ್ಠಾವಂತರು. ಕುಂತಕನ ಜಾಗ ಬಹುಕಾಲ ಖಾಲಿಯಾಗಿಯೇ ಉಳಿಯಿತು.

ಬೀಭತ್ಸದ ವಿಷಯದಲ್ಲಿ ಇದು ಸ್ಪಷ್ಟವಾಗುತ್ತದೆ. ಲಿವರ್‌ಪೂಲಿನ ಕಾರ್ಕಸ್ ತಂಡದ 1988ರ ‘ರೀಕ್ ಆಫ್ ಪ್ಯೂಟ್ರಿಫ್ಯಾಕ್ಷನ್’ ಆಲ್ಬಂ ಹೆಣ, ಕೊಳೆತ, ಶಸ್ತ್ರಚಿಕಿತ್ಸೆಗಳನ್ನು ವೈದ್ಯಶಾಸ್ತ್ರದ ಪರಿಭಾಷೆಯಲ್ಲಿ ಹಾಡಿತು. ಮೇಲುನೋಟಕ್ಕೆ ಇದು ಬರಿಯ ವಿಕೃತಿ. ಆದರೆ ಆ ಹಾಡುಗಳನ್ನು ಕಟ್ಟಿದ ಬಿಲ್ ಸ್ಟೀರ್ ಮತ್ತು ಜೆಫ್ ವಾಕರ್ ಆ ಕಾಲದಲ್ಲಿ ಸಸ್ಯಾಹಾರಿಗಳಾಗಿದ್ದರು. ಮನುಷ್ಯದೇಹವನ್ನೂ ಬರಿಯ ಮಾಂಸವಾಗಿ ತೋರಿಸುವ ಹಾಡುಗಳನ್ನು ಈ ಹಿನ್ನೆಲೆಯಲ್ಲಿ ಕೇಳಿದರೆ ಅವುಗಳ ಧ್ವನಿ ಬೇರೆಯಾಗುತ್ತದೆ. ಜನ್ನನ ಯಶೋಧರಚರಿತೆಯಲ್ಲಿ ಬರುವ ಚಂಡಮಾರಿಯ ಗುಡಿಯ ವರ್ಣನೆಯನ್ನು ಬಲ್ಲ ವಿದ್ಯಾರ್ಥಿಗೆ, ಹೇಸಿಗೆಯನ್ನು ಚಿತ್ರಿಸುವುದು ಹೇಸಿಗೆಯನ್ನು ಮೆಚ್ಚುವುದಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಡೆತ್ ಮೆಟಲ್ಲಿನ ಎಲ್ಲ ಬೀಭತ್ಸಕ್ಕೂ ಇಂತಹ ಸಮರ್ಥನೆ ಸಿಗದು. ಹೆಣ್ಣಿನ ಮೇಲಿನ ಹಿಂಸೆಯನ್ನೇ ವಿನೋದವಾಗಿಸಿಕೊಂಡ ಹಾಡುಗಳು ಈ ಪ್ರಕಾರದಲ್ಲಿ ಸಾಕಷ್ಟಿವೆ. ಅಲ್ಲಿ ಬೀಭತ್ಸವು ರಸವಾಗದೆ ವಿಷಯವಾಗಿಯೇ ಉಳಿಯುತ್ತದೆ. ಇದು ನಿರ್ಣಯ, ಇದಕ್ಕೆ ಕಾರಣವನ್ನು ಕೃತಿಯೊಳಗಿಂದಲೇ ತೆಗೆದು ತೋರಿಸಬಹುದು.

ಇನ್ನು ತಿರಸ್ಕಾರವು ನಿರ್ಣಯದ ವೇಷ ತೊಟ್ಟ ಪ್ರಸಂಗಗಳು. ಮೊದಲನೆಯದು 1980ರ ದಶಕದ ಗ್ಲ್ಯಾಮ್ ಮತ್ತು ಥ್ರ್ಯಾಶ್ ವೈರ. ಲಾಸ್ ಏಂಜಲೀಸಿನ ಸನ್‌ಸೆಟ್ ಸ್ಟ್ರಿಪ್ ಬೀದಿಯ ಕ್ಲಬ್ಬುಗಳಿಂದ ಮಾಟ್ಲಿ ಕ್ರೂ, ರ‍್ಯಾಟ್, ಪಾಯ್ಸನ್ ಮುಂತಾದ ತಂಡಗಳು ಮೇಲೆ ಬಂದವು. ಅದೇ ನಗರದಲ್ಲಿ 1981ರಲ್ಲಿ ಹುಟ್ಟಿದ ಮೆಟಾಲಿಕಾ 1983ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶಕ್ಕೆ ನೆಲೆ ಬದಲಿಸಿತು. ಎಕ್ಸೋಡಸ್ ಮೊದಲಾದ ತಂಡಗಳೊಡನೆ ಆ ಪ್ರದೇಶ ಥ್ರ್ಯಾಶ್ ಮೆಟಲ್ಲಿನ ತವರಾಯಿತು. ಗ್ಲ್ಯಾಮ್ ಹಾಡುಗಳ ಕಟ್ಟಡ ಸರಳ, ಪಲ್ಲವಿ ಸುಲಭವಾಗಿ ನಾಲಗೆಗೆ ಹತ್ತುವಂತಹುದು, ವಸ್ತು ಹೆಚ್ಚಾಗಿ ಮೋಜು ಮತ್ತು ಪ್ರಣಯ ಎಂಬ ಆಕ್ಷೇಪಗಳು ನಿರ್ಣಯದ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ವಾದಿಸಬಹುದು, ನಿರಾಕರಿಸಲೂಬಹುದು. ಆದರೆ ಅಂದಿನ ನಿಂದೆಯ ಬಹುಭಾಗ ಹಾಡನ್ನು ಕುರಿತದ್ದಾಗಿರಲಿಲ್ಲ. ಗಂಡಸರು ತುಟಿಗೆ ಬಣ್ಣ ಹಚ್ಚಿಕೊಂಡದ್ದು, ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ಕೇಳಲು ಬಂದದ್ದು ಇವೇ ಅಪರಾಧಗಳಾಗಿದ್ದವು. ರಾಬರ್ಟ್ ವಾಲ್ಸರ್ 1993ರ ‘ರನ್ನಿಂಗ್ ವಿತ್ ದ ಡೆವಿಲ್’ ಗ್ರಂಥದಲ್ಲಿ ಗ್ಲ್ಯಾಮ್ ತಂಡಗಳ ಈ ಉಭಯಲಿಂಗಿ ವೇಷವನ್ನು ಗಂಡಸುತನದ ಕಲ್ಪನೆಗಳೊಡನೆ ನಡೆದ ಗಂಭೀರ ವ್ಯವಹಾರವಾಗಿ ಓದಿ ತೋರಿಸಿದರು. ‘ಹುಡುಗಿಯರ ಸಂಗೀತ’ ಎಂಬ ಬೈಗುಳದಲ್ಲಿ ಸಂಗೀತವಿಮರ್ಶೆಯ ಅಂಶ ಎಷ್ಟಿದೆ ಎಂದು ಕೇಳಿದರೆ ಉತ್ತರ ಶೂನ್ಯ.

ಇಲ್ಲೊಂದು ಸಂಗತಿಯನ್ನು ಮರೆಯಲಾಗದು. ಗಂಡುಮೆಟ್ಟಿನ ಸಂಕೇತವೆಂದು ಇಡೀ ಮೆಟಲ್ ಜಗತ್ತು ಸ್ವೀಕರಿಸಿದ ಕಪ್ಪು ಚರ್ಮದ ಉಡುಪು ಮತ್ತು ಮೊಳೆಗಳ ವೇಷವನ್ನು 1970ರ ದಶಕದ ಕೊನೆಯಲ್ಲಿ ಜನಪ್ರಿಯಗೊಳಿಸಿದವನು ಜೂಡಸ್ ಪ್ರೀಸ್ಟ್ ತಂಡದ ರಾಬ್ ಹ್ಯಾಲ್‌ಫೋರ್ಡ್. ತಾನು ಸಲಿಂಗಪ್ರೇಮಿಯೆಂದು ಆತ 1998ರಲ್ಲಿ ಬಹಿರಂಗವಾಗಿ ಹೇಳಿದನು. ಕೇಳುಗರು ಆತನನ್ನು ಕೈಬಿಡಲಿಲ್ಲ. 2003ರಲ್ಲಿ ಆತ ಹಳೆಯ ತಂಡಕ್ಕೆ ಮರಳಿದಾಗ ಸಂಭ್ರಮದಿಂದಲೇ ಬರಮಾಡಿಕೊಂಡರು. ಅಭಿಮಾನದ ನಿಯಮಗಳಿಗಿಂತ ಅಭಿಮಾನಿಗಳ ಹೃದಯ ದೊಡ್ಡದಾಗಿರಬಲ್ಲುದು ಎಂಬುದಕ್ಕೆ ಇದು ದೃಷ್ಟಾಂತ.

ಎರಡನೆಯ ಪ್ರಸಂಗ ನಾರ್ವೆಯದು; ಅದರ ಪರಿಣಾಮ ಘೋರ. ಬ್ಲ್ಯಾಕ್ ಮೆಟಲ್ ಎಂಬ ಹೆಸರು ಬಂದದ್ದು ನ್ಯೂಕಾಸಲ್ಲಿನ ವೆನಮ್ ತಂಡದ 1982ರ ಆಲ್ಬಮ್ಮಿನಿಂದ. ಆ ತಂಡದ ಸೈತಾನಭಕ್ತಿ ಬಹುಮಟ್ಟಿಗೆ ರಂಗಸಜ್ಜಿಕೆಯದು. ಹತ್ತು ವರ್ಷಗಳ ಬಳಿಕ ಓಸ್ಲೋದ ‘ಹೆಲ್ವೇಟೆ’ ಎಂಬ ಆಲ್ಬಮ್ಮುಗಳ ಅಂಗಡಿಯ ಸುತ್ತ ಸೇರಿದ ಯುವಕರು ಆ ರಂಗಸಜ್ಜಿಕೆಯನ್ನು ಸಿದ್ಧಾಂತವಾಗಿ ತೆಗೆದುಕೊಂಡರು. ಡೆತ್ ಮೆಟಲ್ ತಂಡಗಳು ವ್ಯಾಯಾಮದ ಪೈಜಾಮ ತೊಟ್ಟು ವೇದಿಕೆ ಏರುತ್ತವೆ, ಸಮಾಜದ ಕಳಕಳಿಯನ್ನು ಹಾಡುತ್ತವೆ, ಆದುದರಿಂದ ಅವು ಸಾವಿನ ಸಂಗೀತವೇ ಅಲ್ಲ ಎಂಬುದು ಅವರ ದೂರು. ಮೊದಲು ರುಚಿಯಾಗಿದ್ದದ್ದು ಬೇಗನೆ ಶುದ್ಧಿಯ ಪರೀಕ್ಷೆಯಾಯಿತು. ಯಾರು ನಿಜವಾದವರು ಎಂಬ ಪ್ರಶ್ನೆಗೆ ಸಂಗೀತದಿಂದ ಉತ್ತರ ಕೊಡುವುದು ಸಾಲದೆಂದಾದಾಗ ಕೃತ್ಯದಿಂದ ಉತ್ತರ ಕೊಡುವವರು ಹುಟ್ಟಿಕೊಂಡರು. 1992ರ ಜೂನ್ 6ರಂದು ಬೆರ್ಗೆನ್ ಬಳಿಯ ಫಾಂಟೋಫ್ಟಿನ ಪ್ರಾಚೀನ ಮರದ ಚರ್ಚು ಸುಟ್ಟುಹೋಯಿತು. ಇನ್ನೂ ಹಲವು ಚರ್ಚುಗಳಿಗೆ ಬೆಂಕಿ ಬಿದ್ದಿತು. ಅದೇ ವರ್ಷದ ಆಗಸ್ಟಿನಲ್ಲಿ ಲಿಲ್ಲೆಹ್ಯಾಮರ್ ನಗರದಲ್ಲಿ ಸಲಿಂಗಪ್ರೇಮಿಯೊಬ್ಬನು ಈ ವಲಯದ ವಾದ್ಯಗಾರನೊಬ್ಬನ ಕೈಯಲ್ಲಿ ಕೊಲೆಯಾದನು. 1993ರ ಆಗಸ್ಟಿನಲ್ಲಿ ಅಂಗಡಿಯ ಒಡೆಯನೂ ಮೇಹೆಮ್ ತಂಡದ ಗಿಟಾರ್ ವಾದಕನೂ ಆಗಿದ್ದ ಯೂರೋನಿಮಸ್, ಬರ್ಜಮ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ವಾರ್ಗ್ ವಿಕೆರ್ನೆಸ್‌ನಿಂದ ಕೊಲ್ಲಲ್ಪಟ್ಟನು. ವಿಕೆರ್ನೆಸ್‌ಗೆ 21 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಇವುಗಳಿಗೆ ಅಭಿರುಚಿಯೊಂದೇ ಕಾರಣವೆನ್ನುವುದು ಬಾಲಿಶ. ವೈಯಕ್ತಿಕ ದ್ವೇಷ, ಹಣದ ವ್ಯವಹಾರ, ವಯಸ್ಸಿನ ಹುಂಬತನ, ದ್ವೇಷದ ರಾಜಕಾರಣ ಎಲ್ಲವೂ ಅಲ್ಲಿ ಸೇರಿಕೊಂಡಿದ್ದವು. ಆದರೆ ‘ನಿಜವಾದ’ ಎಂಬ ವಿಶೇಷಣವು ನಾದವನ್ನು ಬಿಟ್ಟು ಮನುಷ್ಯರಿಗೆ ಅಂಟಿಕೊಂಡಾಗ ಏನಾಗಬಲ್ಲುದು ಎಂಬುದನ್ನು ಈ ಎರಡು ವರ್ಷಗಳು ತೋರಿಸಿವೆ. ಆ ಕಾಲದ ಶ್ರೇಷ್ಠ ಕೃತಿಗಳು ಇಂದಿಗೂ ಕೇಳಲ್ಪಡುವುದು ಅವುಗಳ ನಾದಕ್ಕಾಗಿ. ಅವುಗಳನ್ನು ಕಟ್ಟಿದವರು ಹೂಡಿದ ಶುದ್ಧಿಯ ಪರೀಕ್ಷೆ ಆ ನಾದಕ್ಕೆ ಏನನ್ನೂ ಸೇರಿಸಲಿಲ್ಲ.

ಮೂರನೆಯ ಪ್ರಸಂಗ ನು ಮೆಟಲ್. ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡಿನ ಕಾರ್ನ್ ತಂಡ 1994ರಲ್ಲಿ ತನ್ನ ಮೊದಲ ಆಲ್ಬಮ್ಮಿನಲ್ಲಿ ಏಳು ತಂತಿಯ ಗಿಟಾರುಗಳನ್ನು ಬಹಳ ಕೆಳಗಿನ ಶ್ರುತಿಗೆ ಇಳಿಸಿ, ಹಿಪ್‌ಹಾಪ್ ಸಂಗೀತದ ಲಯವನ್ನು ಬೆರೆಸಿತು. ಗಿಟಾರಿನ ದೀರ್ಘ ಏಕವಾದನ ಮರೆಯಾಯಿತು. ವೀರರ, ಯುದ್ಧದ, ನರಕದ ಮಾತುಗಳ ಜಾಗದಲ್ಲಿ ಬಾಲ್ಯದ ಅವಮಾನ, ಮನೆಯೊಳಗಿನ ನೋವು ಬಂದವು. 2000ದಲ್ಲಿ ಲಿಂಕಿನ್ ಪಾರ್ಕ್ ತಂಡದ ‘ಹೈಬ್ರಿಡ್ ಥಿಯರಿ’ ಈ ಪ್ರಕಾರವನ್ನು ಜಗತ್ತಿನ ಮೂಲೆಮೂಲೆಗೆ ಒಯ್ದಿತು. ಹಳೆಯ ಕೇಳುಗರು ಇದನ್ನು ಮೆಟಲ್ ಎಂದು ಒಪ್ಪಲಿಲ್ಲ. 2002ರಲ್ಲಿ ಆರಂಭವಾದ ‘ಎನ್‌ಸೈಕ್ಲೊಪೀಡಿಯಾ ಮೆಟಾಲಮ್’ ಎಂಬ ಬೃಹತ್ ಕೋಶವು ಜಗತ್ತಿನ ಅಜ್ಞಾತ ತಂಡಗಳನ್ನೂ ದಾಖಲಿಸುವಷ್ಟು ಶ್ರದ್ಧೆಯುಳ್ಳದ್ದು. ಅದು ಕಾರ್ನ್ ಮತ್ತು ಲಿಂಕಿನ್ ಪಾರ್ಕ್ ತಂಡಗಳಿಗೆ ಜಾಗ ಕೊಟ್ಟಿಲ್ಲ. ಸ್ವರಸಾಲುಗಳ ರಚನೆಯಲ್ಲಿ ಮೆಟಲ್ಲಿನ ವ್ಯಾಕರಣ ಕಾಣಬೇಕೆಂಬುದು ಆ ಕೋಶದ ನಿಯಮ. ನಿಯಮವಾಗಿ ನೋಡಿದರೆ ಅದು ಗೌರವಾರ್ಹ. ಎಲ್ಲ ಕೋಶಕ್ಕೂ ಎಲ್ಲೆ ಬೇಕು.

ಆದರೆ ಎಲ್ಲೆಯ ಹೊರಗೆ ಕೇಳಿಬಂದ ಮಾತುಗಳು ಬೇರೆ. ರ‍್ಯಾಪ್ ಬೆರೆತರೆ ಮೆಟಲ್ ಕೆಡುತ್ತದೆ ಎಂದವರು, ಥ್ರ್ಯಾಶ್ ಮೆಟಲ್ಲಿನ ನಾಲ್ವರು ಹಿರಿಯರಲ್ಲಿ ಒಂದಾದ ಆಂಥ್ರ್ಯಾಕ್ಸ್ ತಂಡ 1991ರಲ್ಲಿ ಪಬ್ಲಿಕ್ ಎನಿಮಿ ತಂಡದೊಡನೆ ರ‍್ಯಾಪ್ ಹಾಡೊಂದನ್ನು ಮುದ್ರಿಸಿದ್ದನ್ನು ಮರೆತರು. ಅಳುಬುರುಕರ ಸಂಗೀತ ಎಂಬ ಮೂದಲಿಕೆಯಂತೂ ನೋವನ್ನು ರೂಪಕವಿಲ್ಲದೆ ಹೇಳಿಕೊಳ್ಳುವುದೇ ನಾಚಿಕೆಗೇಡು ಎಂಬ ನಂಬಿಕೆಯಿಂದ ಹುಟ್ಟಿದ್ದು. 2017ರಲ್ಲಿ ಲಿಂಕಿನ್ ಪಾರ್ಕ್ ತಂಡದ ಗಾಯಕ ಚೆಸ್ಟರ್ ಬೆನ್ನಿಂಗ್‌ಟನ್ ಆತ್ಮಹತ್ಯೆಯಿಂದ ತೀರಿಕೊಂಡಾಗ, ಆ ಹಾಡುಗಳಲ್ಲಿದ್ದ ನೋವು ಮಾರುಕಟ್ಟೆಗಾಗಿ ಹೊಂದಿಸಿದ ವೇಷವಾಗಿರಲಿಲ್ಲವೆಂಬುದನ್ನು ಅನೇಕರು ತಡವಾಗಿ ಮನಗಂಡರು. ಈ ಪ್ರಕಾರದ ಎಲ್ಲ ತಂಡಗಳೂ ಮೆಚ್ಚತಕ್ಕವಲ್ಲ. ಬರಿಯ ಸಿಡುಕನ್ನೇ ಬಂಡವಾಳವಾಗಿಸಿಕೊಂಡವು ಹಲವಿದ್ದವು. ಆದರೆ ಮಾರ್ಗಕ್ಕೇ ಶಿಕ್ಷೆ ವಿಧಿಸಿದ್ದರಿಂದ ಅದರೊಳಗಿನ ಗಟ್ಟಿಯಾದುದನ್ನೂ ಜೊಳ್ಳನ್ನೂ ಬೇರ್ಪಡಿಸುವ ವಿಮರ್ಶೆ ಹುಟ್ಟಲು ವರ್ಷಗಳೇ ಹಿಡಿದವು. ತಿರಸ್ಕಾರದ ನಿಜವಾದ ನಷ್ಟ ಇದು.

ಎಲ್ಲೆ ಕಾಯುವವರ ಪರವಾಗಿ ಹೇಳಬೇಕಾದ ಮಾತೂ ಇದೆ. ಡೆತ್ ಮೆಟಲ್ ಆಗಲಿ, ಬ್ಲ್ಯಾಕ್ ಮೆಟಲ್ ಆಗಲಿ, ಫಿನ್ಲೆಂಡಿನ ಥೆರ್ಗೊಥಾನ್ ಮೊದಲಾದ ತಂಡಗಳ ಶವಯಾತ್ರೆಯ ಗತಿಯ ಡೂಮ್ ಆಗಲಿ, ಆಕಾಶವಾಣಿಯ ನೆರವಿನಿಂದಾಗಲಿ ದೊಡ್ಡ ಕಂಪನಿಗಳ ಕೃಪೆಯಿಂದಾಗಲಿ ಬೆಳೆದವಲ್ಲ. ಟೇಪುಗಳನ್ನು ನಕಲಿಸಿ ಅಂಚೆಯಲ್ಲಿ ಕಳುಹಿಸುತ್ತಿದ್ದ, ಕೈಯಲ್ಲಿ ಬರೆದು ನೆರಳಚ್ಚು ತೆಗೆದ ಪತ್ರಿಕೆಗಳನ್ನು ಹಂಚುತ್ತಿದ್ದ ಕೆಲವೇ ನೂರು ಮಂದಿಯ ನಿಷ್ಠೆಯಿಂದ ಅವು ಉಳಿದವು. ಅಂತಹ ನಿಷ್ಠೆಗೆ ಸ್ವಲ್ಪ ಹಟ ಬೇಕು. ಕೀತ್ ಕಾನ್-ಹ್ಯಾರಿಸ್ 2007ರ ‘ಎಕ್ಸ್‌ಟ್ರೀಮ್ ಮೆಟಲ್’ ಗ್ರಂಥದಲ್ಲಿ ಈ ಸಮುದಾಯದೊಳಗಿನ ಪ್ರತಿಷ್ಠೆಗೆ ಎರಡು ಮೂಲಗಳನ್ನು ಗುರುತಿಸಿದ್ದಾರೆ. ಪರಂಪರೆಯನ್ನು ತಿಳಿದು ಅದರ ಸೇವೆಯಲ್ಲಿ ದುಡಿಯುವುದು ಒಂದು. ಎಲ್ಲೆ ಮೀರಿ ಹೊಸದನ್ನು ಸಾಧಿಸುವುದು ಇನ್ನೊಂದು. ಮೊದಲನೆಯದಿಲ್ಲದೆ ಎರಡನೆಯದಿಲ್ಲ, ಎಲ್ಲೆಯೇ ಇಲ್ಲದಲ್ಲಿ ಮೀರುವುದೇನನ್ನು? ಎಲ್ಲ ಸಂಗೀತವೂ ಸಮಾನ, ಎಲ್ಲ ರುಚಿಯೂ ಸಮಾನ ಎಂಬ ಮಾತು ಉದಾರವಾಗಿ ಕಂಡರೂ, ಕೃತಿಯನ್ನು ಗಮನವಿಟ್ಟು ಕೇಳುವ ಶ್ರಮದಿಂದ ತಪ್ಪಿಸಿಕೊಳ್ಳುವ ಜಾಣತನ ಅದರಲ್ಲಿದೆ.

ಒಳ್ಳೆಯ ಅಸಮ್ಮತಿ ಹೇಗಿರುತ್ತದೆ ಎಂಬುದನ್ನು ಎರಡು ನಿದರ್ಶನಗಳಿಂದ ತಿಳಿಯಬಹುದು. 1991ರಲ್ಲಿ ಮೆಟಾಲಿಕಾ ತನ್ನದೇ ಹೆಸರಿನ ಕಪ್ಪು ಹೊದಿಕೆಯ ಆಲ್ಬಮ್ಮನ್ನು ಹೊರತಂದಿತು. ಅಮೆರಿಕವೊಂದರಲ್ಲಿಯೇ ಅದರ ಒಂದೂವರೆ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ತಂಡವು ತನ್ನನ್ನು ಮಾರಿಕೊಂಡಿತು ಎಂಬುದು ಹಳೆಯ ಅಭಿಮಾನಿಗಳ ಆರೋಪ. ಇದು ಉದ್ದೇಶವನ್ನು ಕುರಿತ ಊಹೆ. ಸಾಬೀತುಪಡಿಸಲಾಗದು, ಅಲ್ಲಗಳೆಯಲೂ ಆಗದು. ಇದಕ್ಕೆ ಬದಲಾಗಿ, 1988ರ ಆಲ್ಬಮ್ಮಿನ ಸುಮಾರು ಹತ್ತು ನಿಮಿಷಗಳವರೆಗೂ ಸಾಗುತ್ತಿದ್ದ ಬಹುಭಾಗಗಳ ರಚನೆಯನ್ನು ಬಿಟ್ಟು ಪಲ್ಲವಿಕೇಂದ್ರಿತ ಹಾಡಿಗೆ ತಂಡ ಬಂದದ್ದರಿಂದ ಏನು ಕಳೆದುಹೋಯಿತು, ನಿಧಾನಗತಿಯಿಂದ ಯಾವ ಭಾರ ದೊರೆಯಿತು ಎಂದು ಕೇಳುವವನು ವಿಮರ್ಶಕ. ಸ್ವೀಡನ್ನಿನ ಓಪೆತ್ ತಂಡ 2011ರ ‘ಹೆರಿಟೇಜ್’ ಆಲ್ಬಮ್ಮಿನಲ್ಲಿ ಗರ್ಜನೆಯ ಗಾಯನವನ್ನು ಸಂಪೂರ್ಣವಾಗಿ ಬಿಟ್ಟಾಗ ಎದ್ದ ದೂರುಗಳಲ್ಲಿ ಇಂತಹ ವಿವೇಕದ ಎಳೆಯೂ ಇತ್ತು. ಆ ತಂಡದ ಹಳೆಯ ರಚನೆಗಳು ಗರ್ಜನೆ ಮತ್ತು ಮೃದುಗಾಯನಗಳ ಸಂಘರ್ಷದ ಮೇಲೆಯೇ ನಿಂತಿದ್ದವು. ಒಂದನ್ನು ತೆಗೆದರೆ ಇನ್ನೊಂದರ ಅರ್ಥವೂ ಬದಲಾಗುತ್ತದೆ ಎಂಬುದು ರಚನೆಯನ್ನು ಕುರಿತ ಮಾತು. 2024ರ ಆಲ್ಬಮ್ಮಿನಲ್ಲಿ ಗರ್ಜನೆ ಮರಳಿ ಬಂದಿತು. ಅದರಿಂದ ದೂರು ಸರಿಯೆಂದಾಗಲಿ ತಪ್ಪೆಂದಾಗಲಿ ತೀರ್ಮಾನವಾಗದು. ಆದರೆ ವಾದ ನಡೆದದ್ದು ನಾದದ ನೆಲದ ಮೇಲೆ ಎಂಬುದು ಮುಖ್ಯ.

ಕರ್ನಾಟಕಕ್ಕೂ ಈ ಇತಿಹಾಸದಲ್ಲಿ ಪಾಲಿದೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ಹಾಡಿದವು. ಅದಕ್ಕೂ ಮೊದಲೇ, 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ 1980ರ ದಶಕದ ಹೆವಿ ಮೆಟಲ್ ಶೈಲಿಯನ್ನು ಮುಂದುವರಿಸಿತು. ಬೇವಾರ್ ಸೀ ಎಂಬ ನಗೆಚಾಟಿಕೆಯ ಕನ್ನಡ ಹೆಸರಿನ ತಂಡ ಸಬ್ಬತ್ ಪರಂಪರೆಯ ಡೂಮ್ ಶೈಲಿಯನ್ನು ಹಿಡಿಯಿತು. 2012ರಲ್ಲಿ ಆರಂಭವಾದ ಬ್ಯಾಂಗಲೋರ್ ಓಪನ್ ಏರ್ ಉತ್ಸವ ಥ್ರ್ಯಾಶ್, ಡೆತ್, ಬ್ಲ್ಯಾಕ್ ಎಂಬ ಭೇದವಿಲ್ಲದೆ ತಂಡಗಳನ್ನು ಒಂದೇ ವೇದಿಕೆಗೆ ಕರೆಯಿತು. ಲಾಸ್ ಏಂಜಲೀಸಿನಲ್ಲಿ ಒಂದೊಂದು ಶಾಖೆಗೂ ಅದರದೇ ಕ್ಲಬ್ಬು ಇರಬಹುದು. ಕೇಳುಗರು ಕಡಿಮೆಯಿರುವ ಊರಿನಲ್ಲಿ ಡೂಮ್ ಕೇಳಲು ಬಂದವನು ಥ್ರ್ಯಾಶ್ ತಂಡ ಮುಗಿಸುವವರೆಗೆ ಅಲ್ಲಿಯೇ ನಿಂತು ಕೇಳಬೇಕಾಗುತ್ತದೆ. ಹಾಗೆ ನಿಂತು ಕೇಳುವುದು ರುಚಿಗೆ ಕೆಟ್ಟ ಶಿಕ್ಷಣವಲ್ಲ.

ಕೊನೆಯದಾಗಿ, ‘ಇದು ಮೆಟಲ್ಲೇ ಅಲ್ಲ’ ಎಂಬ ಮಾತನ್ನು ಕೇಳಿದಾಗ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾತಿಗೆ ಕಾರಣವನ್ನು ಹಾಡಿನೊಳಗಿಂದ ತೆಗೆದು ತೋರಿಸಬಹುದೆ? ತೋರಿಸಬಹುದಾದರೆ ಅದು ವಿಮರ್ಶೆ. ಒಪ್ಪದಿದ್ದರೂ ಕಲಿಯುವುದಕ್ಕೆ ಅದರಲ್ಲಿ ಏನಾದರೂ ಇರುತ್ತದೆ. ತೋರಿಸಲಾಗದೆ, ಕಾರಣವು ಕೇಳುಗರ ಲಿಂಗ, ವಯಸ್ಸು, ಉಡುಪು, ಬಣ್ಣ, ಓದುಗಳ ಕಡೆಗೆ ಜಾರಿದರೆ ಅದು ತಿರಸ್ಕಾರ. ಅದಕ್ಕೆ ಸಂಗೀತದೊಡನೆ ಸಂಬಂಧವಿಲ್ಲ. ನವ್ಯ, ದಲಿತ, ಬಂಡಾಯ, ಜನಪ್ರಿಯ ಎಂಬ ಹಣೆಪಟ್ಟಿಗಳ ನಡುವೆ ಓದುವ ಕನ್ನಡದ ವಿದ್ಯಾರ್ಥಿಗೆ ಈ ಪರೀಕ್ಷೆ ದೂರದ ದೇಶದ ಗಿಟಾರುಗಳಿಗೆ ಮಾತ್ರ ಅನ್ವಯಿಸತಕ್ಕದ್ದಲ್ಲ. ‘ಇದು ಕಾವ್ಯವೇ ಅಲ್ಲ’ ಎಂಬ ಮಾತು ಅವನ ಸುತ್ತಲೂ ಪ್ರತಿದಿನ ಕೇಳಿಬರುತ್ತದೆ. ಹೇಳುವವರಲ್ಲಿ ಎಷ್ಟು ಮಂದಿ ಪುಟ ತೆರೆದು ತೋರಿಸುತ್ತಾರೆ ಎಂಬುದನ್ನು ಅವನು ಎಣಿಸಿ ನೋಡಬಹುದು.